ಬೆಟ್ಟಕ್ಕೆ ಹೋಗುವಾಗ ಸಂಕೋಚ ಮನೇಲೇ ಬಿಟ್ಟು ಬನ್ನಿ

(ಮೈಸೂರಲ್ಲಿ ನಮ್ಮ ಬಡಾವಣೆಯವರ ಭಾನುವಾರದ ಕಾರ್ಯಕ್ರಮದಲ್ಲಿ ಮಾತಾಡಿದ್ದು. ಬರೆದು ಕಳ್ಸಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ರೆಕಾರ್ಡಿಂಗ್ ಕೇಳ್ಕೊಂಡು ಮಾತಾಡಿದ ಹಾಗೇ ಟೈಪ್ ಮಾಡಿದೀನಿ, ಅಲ್ಲಲ್ಲಿ ಬಿಟ್ಟೋಗಿದ್ದನ್ನ ಸೇರ್ಸಿದೀನಿ.)

ಎಲ್ರಿಗೂ ನಮಸ್ಕಾರ. ಹೊರಗಡೆ ಬೋರ್ಡಲ್ಲಿ "ಸಾಹಸ ಪ್ರವಾಸದ ಅನುಭವಗಳು" ಅಂತ ಬರೆದ್ಬಿಟ್ಟಿದಾರೆ, ಅದನ್ನ ನೋಡಿ ಹಿಮಾಲಯ, ಹಗ್ಗ, ಆಕ್ಸಿಜನ್ ಸಿಲಿಂಡರ್ ಅಂತೆಲ್ಲ ಅಂದ್ಕೊಂಡು ಬಂದಿರೋರು ಈಗ್ಲೇ ಎದ್ದು ಟೀ ಕುಡಿಯೋಕೆ ಹೋಗ್ಬಹುದು, ನಂಗೇನೂ ಬೇಜಾರಿಲ್ಲ. ನಾನು ಹೋಗಿರೋದೆಲ್ಲ ಇಲ್ಲೇ ಸುತ್ತಮುತ್ತ. ಕುಂತಿ ಬೆಟ್ಟ, ಕರಿಘಟ್ಟ, ಮೇಲುಕೋಟೆ, ಮುತ್ತತ್ತಿ, ನಮ್ಮ ಚಾಮುಂಡಿ ಬೆಟ್ಟ, ಮಳೆ ನಿಂತ ಮೇಲೆ ಯಾವಾಗ್ಲಾದ್ರೂ ಕೊಡಗಿನ ಕಡೆ. ಅದೂ ಒಬ್ಳೇ ಅಲ್ಲ, ಟ್ರೆಕ್ಕಿಂಗ್ ಕ್ಲಬ್ ಜೊತೇಲೂ ಅಲ್ಲ. ನಮ್ಮನೆಯವ್ರು, ನಮ್ಮ ಮಾವ, ಅತ್ತೆ, ನಾದಿನೀರು, ಅವ್ರ ಗಂಡಂದ್ರು, ಮಕ್ಳು, ನನ್ನ ಕಾಲೇಜ್ ಫ್ರೆಂಡ್ಸ್ ಇಬ್ರು ಮೂರು ಜನ, ಪಕ್ಕದ ಮನೆ ಆಂಟಿ, ಅವ್ರ ಅಕ್ಕ, ಹೀಗೆ ಒಂದು ಮದುವೆಗೆ ಹೊರಟಿರೋ ಅಷ್ಟು ಜನ ಬೆಳಿಗ್ಗೆ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಇಳಿದ್ರೆ ಊರೋರು "ಯಾವ ದ್ಯಾವ್ರ ಕಾರ್ಯ ಐತೆ ಇವತ್ತು?" ಅಂತ ಕೇಳ್ತಾರೆ.

ಟ್ರೆಕ್ಕಿಂಗ್ ಬಗ್ಗೆ ಎಲ್ಲಿ ನೋಡಿದ್ರೂ ಯಾವ ಶೂ, ಯಾವ ಬ್ಯಾಗು, ಎಷ್ಟು ಲೀಟರ್ ನೀರು ಅಂತ ಹೇಳಿಕೊಡ್ತಾರೆ, ಅದೆಲ್ಲ ಸರೀನೇ. ಆದ್ರೆ ನೆಂಟರು, ಸ್ನೇಹಿತರು ಸೇರ್ಕೊಂಡು ಹೋದಾಗ ತೊಂದ್ರೆ ಬರೋದು ಬೇರೆ ಕಡೆಯಿಂದ, ಅದನ್ನ ಯಾರೂ ಹೇಳಲ್ಲ. ತೊಂದ್ರೆ ಬರೋದು ಸಂಕೋಚದಿಂದ. ಕ್ಲಬ್ಬಲ್ಲಾದ್ರೆ ಒಬ್ಬ ಲೀಡರ್ ಇರ್ತಾನೆ, ಕೂತ್ಕೋ ಅಂದ್ರೆ ಕೂತ್ಕೋಬೇಕು, ವಾಪಸ್ ಅಂದ್ರೆ ವಾಪಸ್. ನಮ್ಮ ಗುಂಪಲ್ಲಿ ನಾನು ಸೊಸೆ, ನಾನು ಮಾವಂಗೆ ಸಾಕು ಇಳೀರಿ ಅಂತ ಹೇಳೋದು ಹೇಗೆ? ಮನೆ ಅಳಿಯಂದ್ರಿಗೆ ನಿಮ್ಮ ಕೈಲಿ ಆಗಲ್ಲ ಅಂತ ಹೇಳೋರು ಯಾರು? ಅವ್ರಾದ್ರೂ ಎಲ್ರ ಮುಂದೆ, ಅದೂ ಮಾವನ ಮನೆಯವ್ರ ಮುಂದೆ ನಂಗೆ ಉಸಿರು ಕಟ್ತಿದೆ ಅಂತ ಹೇಳ್ಕೊಳ್ತಾರಾ? ಮಂಡ್ಯ ಕಡೆ ಅಳಿಯ ಅಂದ್ರೆ ಏನು ಅಂತ ನಿಮಗೇ ಗೊತ್ತು, ಊಟಕ್ಕೆ ಕೂತಾಗ ಎರಡನೇ ಮುದ್ದೆ ಬೇಡ ಅನ್ನೋಕೇ ಅವ್ರಿಗೆ ಧೈರ್ಯ ಸಾಲಲ್ಲ.

ಕುಂತಿ ಬೆಟ್ಟದ್ದು ಒಂದು ಹೇಳ್ತೀನಿ. ಪಾಂಡವಪುರದ ಪಕ್ಕದಲ್ಲೇ ಇದೆ, ನಿಮ್ಮಲ್ಲಿ ಅರ್ಧ ಜನ ಹೋಗಿರ್ತೀರಿ. ಪಾಂಡವರು ವನವಾಸದಲ್ಲಿ ಕುಂತಿ ಜೊತೆ ಬಂದು ಇಲ್ಲೇ ಇದ್ರು ಅನ್ನೋ ಕತೆಯಿಂದ ಬೆಟ್ಟಕ್ಕೂ ಹೆಸರು, ಊರಿಗೂ ಹೆಸರು. ಅದಕ್ಕೆ ಮುಂಚೆ ಬ್ರಿಟಿಷರ ಕಾಲದಲ್ಲಿ ಊರನ್ನ ಫ್ರೆಂಚ್ ರಾಕ್ಸ್ ಅಂತಿದ್ರು, ಹೈದರ್, ಟಿಪ್ಪು ಕಡೆ ಇದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡು ಬಿಟ್ಟಿದ್ರಲ್ಲ, ಅದಕ್ಕೆ. ಬೆಟ್ಟ ಅಂಥ ದೊಡ್ಡದೇನಲ್ಲ. ಆದ್ರೆ ಮೇಲಿನ ಭಾಗ ಪೂರ್ತಿ ಬರೀ ಬಂಡೆ, ಗುಂಡುಕಲ್ಲು, ಒಂದೊಂದು ಕಡೆ ಎರಡು ಗುಂಡಿನ ಮಧ್ಯೆ ಸೊಂಟ ಓರೆ ಮಾಡ್ಕೊಂಡು ತೂರ್ಬೇಕು, ಒಂದೊಂದು ಕಡೆ ಇಳಿಜಾರು ಬಂಡೆ ಮೇಲೆ ಅಂಗೈ ಊರ್ಕೊಂಡು ಹತ್ಬೇಕು. ಒಂಬತ್ತು ಗಂಟೆ ಆಗೋಷ್ಟರಲ್ಲಿ ಆ ಬಂಡೆ ದೋಸೆ ಹೆಂಚಿನ ಥರ ಕಾದಿರುತ್ತೆ, ಬಿಸಿಲು ಮೇಲಿಂದಾನೂ ಬರುತ್ತೆ, ಕಾಲ ಕೆಳಗಿಂದಾನೂ ಬರುತ್ತೆ.

ಅವತ್ತು ನಮ್ಮ ದೊಡ್ಡ ನಾದಿನಿ ಗಂಡ ಬಂದಿದ್ರು. ನಮ್ಮನೆಯವ್ರಿಗೆ ಭಾವ, ನಾನು ಅಣ್ಣ ಅಂತೀನಿ. ದೊಡ್ಡ ಆಳು, ಸಕತ್ ತಮಾಷೆ ಮನುಷ್ಯ, ವ್ಯಾನಲ್ಲಿ ಕೂತ್ರೆ ಅವ್ರದೇ ಮಾತು. ಅರ್ಧ ಹತ್ತೋಷ್ಟರಲ್ಲಿ ಮಾತು ಕಮ್ಮಿ ಆಯ್ತು. ಆಮೇಲೆ ಫೋಟೋ ಶುರು ಮಾಡಿದ್ರು. ಕೆಳಗಿನ ಕೆರೆ ಫೋಟೋ, ಕಬ್ಬಿನ ಗದ್ದೆ ಫೋಟೋ, ಒಂದು ಓತಿಕ್ಯಾತ ಕೂತಿತ್ತು ಅದರ ಫೋಟೋ. "ನೀವು ಹೋಗ್ತಿರಿ, ನಾನೊಂದೆರಡು ಫೋಟೋ ತಕ್ಕೊಂಡು ಬತ್ತೀನಿ" ಅಂತ. ನಾವೆಲ್ಲ ಏನು ಇಂಟರೆಸ್ಟು ಅಂದ್ಕೊಂಡು ಮುಂದೆ ಹೋಗ್ತಾ ಇದ್ವಿ. ನನ್ನ ಫ್ರೆಂಡ್ ಒಬ್ಳು ನರ್ಸು, ಅವ್ಳು ಮಾತ್ರ ಅಲ್ಲೇ ನಿಂತ್ಕೊಂಡ್ಳು. ಆಮೇಲೆ ನಂಗೆ ಹೇಳಿದ್ದು, ಅವ್ರು ಫೋಟೋ ತೆಗೀತಾ ಇರ್ಲಿಲ್ಲ ಕಣೇ, ಮೊಬೈಲ್ ಎತ್ತಿ ಹಿಡ್ಕೊಂಡಿದ್ರು, ಸ್ಕ್ರೀನ್ ಆಫ್ ಆಗಿತ್ತು, ಕೈ ನಡುಗ್ತಿತ್ತು ಅಂತ. ಅವ್ಳು ನೇರ ಹೋಗಿ ಬೆಳಿಗ್ಗೆ ಏನು ತಿಂದ್ರಿ ಅಂತ ಕೇಳಿದ್ರೆ ಏನೂ ಇಲ್ಲ, ಐದು ಗಂಟೆಗೆ ಹೊರಟಿದ್ದಲ್ವ, ಬರೀ ಕಾಫಿ. ಮಾತ್ರೆ? ಸಕ್ಕರೆ ಕಾಯಿಲೆ ಮಾತ್ರೆ ತಗೊಂಡಿದಾರೆ. ಅವ್ರಿಗೆ ಶುಗರ್ ಇದೆ ಅನ್ನೋದೇ ನಮ್ಮನೇಲಿ ಯಾರಿಗೂ ಗೊತ್ತಿಲ್ಲ! ನಾದಿನಿಗೆ ಗೊತ್ತು, ತವರು ಮನೇಲಿ ಹೇಳಿಲ್ಲ.

ಇದು ತುಂಬಾ ಕಾಮನ್ನು ಕಣ್ರೀ, ಅದಕ್ಕೆ ಬಿಡಿಸಿ ಹೇಳ್ತಿದೀನಿ. ಶುಗರ್ ಕಮ್ಮಿ ಮಾಡೋ ಕೆಲವು ಮಾತ್ರೆ, ಇಲ್ಲಾ ಇನ್ಸುಲಿನ್ ತಗೊಂಡು, ತಿಂಡಿ ತಿನ್ನದೆ ಬೆಟ್ಟ ಹತ್ತಿದ್ರೆ ಮೈಯಲ್ಲಿರೋ ಸಕ್ಕರೆ ಸಡನ್ನಾಗಿ ಇಳಿದ್ಬಿಡುತ್ತೆ. ಬೆವರು, ನಡುಕ, ಕಣ್ಣು ಮಂಜು, ಕೆಲವ್ರಿಗೆ ಸುಮ್ ಸುಮ್ನೆ ಸಿಟ್ಟು ಬರುತ್ತೆ, ಹೆಂಡ್ತಿ ಮೇಲೆ ರೇಗ್ತಾರೆ, ನಾವು ಗಂಡ ಹೆಂಡ್ತಿ ಜಗಳ ಅಂದ್ಕೊಂಡು ಮುಖ ತಿರುಗಿಸ್ಕೋತೀವಿ. ಅವತ್ತು ನಮ್ಮ ಮಾವನ ಜೇಬಲ್ಲಿ ಬೆಲ್ಲದ ತುಂಡಿತ್ತು, ಮಂಡ್ಯದೋರ ಜೇಬಲ್ಲಿ ಬೆಲ್ಲ ಇರದೇ ಇರುತ್ತಾ, ಅದನ್ನೇ ಕೊಟ್ಟು ನೆರಳಲ್ಲಿ ಕೂರಿಸಿದ್ವಿ, ಆಮೇಲೆ ಇಡ್ಲಿ ತಿನ್ನಿಸಿದ್ವಿ, ಒಂದು ಕಾಲು ಗಂಟೇಲಿ ಮನುಷ್ಯ ಮತ್ತೆ ಜೋಕ್ ಹೊಡೆಯೋಕೆ ಶುರು ಮಾಡಿದ್ರು. ಪ್ರಜ್ಞೆ ಇರೋರಿಗೆ ಮಾತ್ರ ಬಾಯಿಗೆ ಏನಾದ್ರೂ ಕೊಡ್ಬೇಕು, ಪ್ರಜ್ಞೆ ತಪ್ಪಿದ್ರೆ ಬಾಯಿಗೆ ನೀರೂ ಹಾಕ್ಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಎದೆ ಹಿಡ್ಕೊಂಡಂಗೆ ಆಗೋದು, ಎಡಗೈ, ದವಡೆ ನೋವು, ತಣ್ಣನೆ ಬೆವರು, ಇದಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಕೊಂಡು ಇನ್ನೂ ನಾಕು ಹೆಜ್ಜೆ ಹತ್ತೋದು ಬೇಡ, ಆಸ್ಪತ್ರೆ ದಾರಿ ಹಿಡೀರಿ.

ಅವತ್ತಿಂದ ನಾವು ಒಂದು ಪದ್ಧತಿ ಮಾಡ್ಕೊಂಡಿದೀವಿ. ಹಿಂದಿನ ರಾತ್ರಿ ಎಲ್ರೂ ಅವರವ್ರ ಕಾಯಿಲೆ, ಮಾತ್ರೆ, ಮಂಡಿನೋವು ಎಲ್ಲ ಆ ನರ್ಸ್ ಫ್ರೆಂಡಿಗೆ ಮಾತ್ರ ಮೆಸೇಜ್ ಮಾಡ್ಬೇಕು. ಗುಂಪಲ್ಲಿ ಹಾಕಂಗಿಲ್ಲ. ಅವ್ಳು ನಮ್ಮ ನೆಂಟಳಲ್ಲ, ಅದೇ ಅನುಕೂಲ ಆಗಿದ್ದು. ನೆಂಟರ ಹತ್ರ ಹೇಳ್ಕೊಂಡ್ರೆ ನಾಳೆ ಬೆಳಿಗ್ಗೆಗೆ ಮಳವಳ್ಳಿವರೆಗೂ ಸುದ್ದಿ ಹೋಗಿರುತ್ತೆ.

ಇನ್ನೊಂದು ವಿಷಯ, ಗಂಡಸರು ಸ್ವಲ್ಪ ಕೇಳಿಸ್ಕೊಳ್ಳಿ, ಇದು ನಿಮಗೇ ಹೇಳ್ತಿರೋದು. ಹೆಂಗಸರು ಬೆಟ್ಟದಲ್ಲಿ ನೀರು ಕುಡಿಯಲ್ಲ. ಬಾಟ್ಲಿ ಕೈಯಲ್ಲೇ ಇರುತ್ತೆ, ಕುಡಿಯಲ್ಲ. ಯಾಕೆ ಅಂದ್ರೆ ಕುಡಿದ್ರೆ ಹೋಗೋದೆಲ್ಲಿ? ನೀವೇನೋ ಒಂದು ಬಂಡೆ ಹಿಂದೆ ಹೋಗಿ ಬಂದ್ಬಿಡ್ತೀರಿ. ನಮ್ಮತ್ತೆ ಒಂದ್ಸಲ ಮೇಲುಕೋಟೇಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಒಂದು ತೊಟ್ಟು ನೀರು ಕುಡಿಯದೆ ಯೋಗಾನರಸಿಂಹನ ಬೆಟ್ಟ ಹತ್ತಿ ಇಳಿದು, ಕಲ್ಯಾಣಿ ಹತ್ರ ತಲೆ ಸುತ್ತಿ ಕೂತ್ಕೊಂಡ್ಬಿಟ್ರು. ಎಲ್ರೂ ಉಪವಾಸ ಇರ್ಬೇಕು, ವಯಸ್ಸಾಯ್ತು ಅಂದ್ರು. ಉಪವಾಸಾನೂ ಇಲ್ಲ ಏನೂ ಇಲ್ಲ, ಬೆಳಿಗ್ಗೆ ವಡೆ ತಿಂದಿದ್ರು. ನಾನು ಪಕ್ಕಕ್ಕೆ ಕರ್ಕೊಂಡೋಗಿ ಕೇಳಿದ್ಮೇಲೆ ಹೇಳಿದ್ರು. "ಗಂಡುಸ್ರು ಇರೋ ಕಡೆ ಎಲ್ಲಿಗವ್ವ ಹೋಗಾನ, ಅದ್ಕೇ ಕುಡೀನಿಲ್ಲ."

ಅದಕ್ಕೆ ನಾವೀಗ ಒಂದು ಹಳೇ ಕಾಟನ್ ಸೀರೆ ಬ್ಯಾಗಲ್ಲೇ ಇಟ್ಕೊಂಡಿರ್ತೀವಿ. ಇಬ್ರು ಎರಡು ತುದಿ ಹಿಡ್ಕೊಂಡು ಮರೆ ಮಾಡಿದ್ರೆ ಮುಗೀತು, ಒಂದು ನಿಮಿಷದ ಕೆಲಸ. ಬೆಟ್ಟ ಹತ್ತೋ ಮುಂಚೆ ದಾರೀಲಿ ದೊಡ್ಡ ಹೋಟೆಲ್ಲೋ ಪೆಟ್ರೋಲ್ ಬಂಕೋ ನೋಡಿ ಎಲ್ರೂ ಒಂದ್ಸಲ ಇಳೀಲೇಬೇಕು, ಬೇಕೋ ಬೇಡ್ವೋ ಅಂತ ಕೇಳಂಗಿಲ್ಲ. ಹಳ್ಳಿ ಹತ್ರ ಇದ್ರೆ ಯಾವ್ದಾದ್ರೂ ಮನೆ ಬಾಗ್ಲಲ್ಲಿ ನಿಂತು ಅವ್ವಾ ಅಂತ ಕೂಗಿದ್ರೆ ಸಾಕು, ನಮ್ಮ ಕಡೆ ಬೇಡ ಅಂದೋರನ್ನ ನಾನು ನೋಡೇ ಇಲ್ಲ, ಮೇಲೊಂದು ಚೊಂಬು ಮಜ್ಜಿಗೇನೂ ಕೊಡ್ತಾರೆ. ಮುಟ್ಟಿನ ದಿನ ಇದ್ರೆ ಅದಕ್ಕೆ ಬೇಕಾದ್ದೆಲ್ಲ ಒಂದು ಕಪ್ಪು ಕವರಲ್ಲಿ ಒಬ್ರ ಹತ್ರ ಇರುತ್ತೆ, ಯಾರಿಗಾದ್ರೂ ಬೇಕಾದ್ರೆ ಕಣ್ಸನ್ನೆ ಸಾಕು, ಬಳಸಿದ್ದನ್ನ ಅದೇ ಕವರಲ್ಲಿ ವಾಪಸ್ ತರ್ತೀವಿ. ಇದನ್ನ ಸ್ಟೇಜ್ ಮೇಲೆ ಹೇಳ್ತೀಯಾ ಅಂತ ನಮ್ಮನೆಯವ್ರು ಬೆಳಿಗ್ಗೆ ಕೇಳಿದ್ರು. ಹೇಳ್ದೆ ಇದ್ರೆ ನೀರು ಕುಡಿಯದೆ ತಲೆ ಸುತ್ತಿ ಬೀಳೋದು ಯಾರು?

ನೀರಿನ ಜೊತೆ ಉಪ್ಪೂ ಹೋಗುತ್ತೆ ಬೆವರಲ್ಲಿ. ಓಆರ್‌ಎಸ್ ಪ್ಯಾಕೆಟ್ ಇದ್ರೆ ಒಳ್ಳೇದು, ಇಲ್ದೇ ಇದ್ರೆ ಒಂದು ಲೀಟರ್ ಕುಡಿಯೋ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಹಾಕಿದ್ರೆ ಒಳ್ಳೇದು ಅಂತ ಅಂದಾಜಲ್ಲಿ ಸುರೀಬೇಡಿ.

ಈಗ ಹೆಜ್ಜೇನು. ನಮ್ಮ ಕಡೆ ಬೆಟ್ಟಗಳಲ್ಲಿ ಚಿರತೆಗಿಂತ ನಂಗೆ ಜಾಸ್ತಿ ಭಯ ಇರೋದು ಇದಕ್ಕೇ. ಎತ್ತರದ ಬಂಡೆಯ ಕೆಳಗಡೆ ಮುಖಕ್ಕೆ ಕಪ್ಪಗೆ ಮೊರದಷ್ಟಗಲ ಜೇನುಗೂಡು ನೇತಾಡ್ತಿರುತ್ತೆ, ಸುಮ್ನೆ ಹೋದ್ರೆ ಅವುಗಳ ಪಾಡಿಗೆ ಅವು ಇರ್ತವೆ. ಹೊಗೆ, ಗಲಾಟೆ, ಘಾಟು ಸೆಂಟು, ಕಲ್ಲು ಹೊಡೆಯೋದು, ಇದ್ಯಾವ್ದೂ ಆಗಲ್ಲ ಅವಕ್ಕೆ. ಈಗ ಸಮಸ್ಯೆ ಏನು ಅಂದ್ರೆ ನಮ್ಮ ಕಡೆ ಬೆಟ್ಟ ಅಂದ್ಮೇಲೆ ದೇವ್ರು ಇದ್ದೇ ಇರುತ್ತೆ, ಒಂದು ಗುಂಡಿನ ಸಂದೀಲಿ ಒಂದು ಕಲ್ಲಿಗೆ ಅರಿಶಿನ ಕುಂಕುಮ ಬಳಿದಿರ್ತಾರೆ, ನಮ್ಮ ದೊಡ್ಡಮ್ಮ ಒಬ್ರು ಯಾವಾಗ್ಲೂ ಊದುಬತ್ತಿ, ಕರ್ಪೂರ, ಬೆಂಕಿಪೊಟ್ಣ ಕಟ್ಕೊಂಡೇ ಬರೋದು. ಒಂದ್ಸಲ ಅವ್ರು ಅಂಥ ಜಾಗದಲ್ಲಿ ಊದುಬತ್ತಿ ಕಟ್ಟು ಬಿಚ್ತಾ ಕೂತಿದಾರೆ, ತಲೆ ಮೇಲೆ ಒಂದೆರಡಾಳೆತ್ತರದಲ್ಲಿ ಜೇನು. ಎಲ್ರಿಗೂ ಕಾಣಿಸ್ತಾ ಇದೆ, ಎಲ್ರೂ ಒಬ್ರ ಮುಖ ಒಬ್ರು ನೋಡ್ತಾ ಇದೀವಿ, ದೇವ್ರ ಕೆಲಸಕ್ಕೆ ಅಡ್ಡ ಬಂದ್ರು ಅಂತ ಆಗ್ಬಾರ್ದಲ್ಲ. ಕೊನೆಗೆ ನಮ್ಮ ಮಾವ ಹೋಗಿ ಅವ್ರ ಪಕ್ಕ ಕುಕ್ಕರಗಾಲಲ್ಲಿ ಕೂತ್ಕೊಂಡು ಮೆಲ್ಲಗೆ "ಅಕ್ಕಾ, ಈ ದ್ಯಾವ್ರು ಹೊಗೆ ಒಲ್ಲದ ದ್ಯಾವ್ರು, ಹೂವ ಮಡುಗಿ ಕೈ ಮುಗಿ, ಸಾಕು" ಅಂದ್ರು. ದೊಡ್ಡಮ್ಮ ಹೌದಾ ಅಂತ ಊದುಬತ್ತಿ ವಾಪಸ್ ಕಟ್ಟಿದ್ರು. ವಾದ ಇಲ್ಲ, ಬೇಜಾರಿಲ್ಲ. ಆ ಥರ ಒಂದು ಮಾತು ನಂಗೆ ಇನ್ನೂ ಹತ್ತು ವರ್ಷ ಆದ್ರೂ ಹೊಳೀತಿರ್ಲಿಲ್ಲ.

ಜೇನು ಎದ್ರೆ ಏನು ಮಾಡ್ಬೇಕು ಅಂತಾನೂ ಹೇಳ್ಬಿಡ್ತೀನಿ. ಒಂದು ಹುಳ ಕಚ್ಚಿದ್ರೆ ಕೊಂಡಿ ಚರ್ಮದಲ್ಲೇ ಉಳಿಯುತ್ತೆ, ಅದರ ಜೊತೆ ಒಂದು ವಾಸನೆ ಬಿಡುತ್ತೆ, ಆ ವಾಸನೆಗೆ ಉಳಿದ ಹುಳಗಳೂ ಅಲ್ಲಿಗೇ ಬರ್ತವೆ. ಹಾಗಾಗಿ ನಿಂತ್ಕೊಂಡು ಕೈ ಬೀಸೋದು, ಹೊಡೆದು ಸಾಯಿಸೋದು ಮಾಡಿದ್ರೆ ಇನ್ನೂ ಜಾಸ್ತಿ. ಮುಖ, ತಲೆ ಮುಚ್ಕೊಂಡು, ಕಾಲಿಡೋ ಜಾಗ ನೋಡ್ಕೊಂಡು ಆದಷ್ಟು ಬೇಗ ದೂರ ಹೋಗ್ಬೇಕು, ವ್ಯಾನು, ಮನೆ, ಎಲ್ಲಾದ್ರೂ ಬಾಗ್ಲು ಹಾಕ್ಕೊಳ್ಳೋ ಜಾಗಕ್ಕೆ. ನೀರಿಗೆ ಹಾರ್ಬೇಡಿ, ತಲೆ ಎತ್ತೋವರೆಗೂ ಮೇಲೇ ಕಾಯ್ತಿರ್ತವೆ. ಆಮೇಲೆ ಉಗುರಲ್ಲೋ ಎಟಿಎಂ ಕಾರ್ಡಲ್ಲೋ ಕೊಂಡಿಗಳನ್ನ ಕೆರೆದು ತೆಗೀಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ತುಂಬಾ ಕಡೆ ಕಚ್ಚಿದ್ರೆ, ತುಟಿ ಗಂಟಲು ಊದಿದ್ರೆ, ಉಸಿರಾಡೋಕೆ ಕಷ್ಟ ಆದ್ರೆ ಸುಣ್ಣ ಹಚ್ಕೊಂಡು ಕೂರೋ ಟೈಮಲ್ಲ ಅದು, ಆಸ್ಪತ್ರೆ.

ಹಾವು, ಚಿರತೆ ಬಗ್ಗೆ ಜಾಸ್ತಿ ಹೇಳಲ್ಲ, ನಿಮಗೆ ಗೊತ್ತಿರೋದೇ. ಹಾವು ಕಚ್ಚಿದ್ರೆ ಹಗ್ಗ ಬಿಗಿಯೋದು, ಬ್ಲೇಡಲ್ಲಿ ಕುಯ್ಯೋದು, ಬಾಯಲ್ಲಿ ಹೀರೋದು ಯಾವ್ದೂ ಬೇಡ, ಆ ಕೈಯೋ ಕಾಲೋ ಅಲ್ಲಾಡಿಸದೆ ಸೀದಾ ದೊಡ್ಡಾಸ್ಪತ್ರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಕಕ್ಕೂ ಒಂದೇ ಇಂಜೆಕ್ಷನ್ನು, ಹಾವು ಹಿಡ್ಕೊಂಡು ಹೋಗಿ ಡಾಕ್ಟ್ರಿಗೆ ತೋರಿಸ್ಬೇಕಾಗಿಲ್ಲ. ಚಿರತೆ ಕಬ್ಬಿನ ಗದ್ದೇಲೇ ಮರಿ ಹಾಕ್ತವೆ ಈಗ, 2022ರ ಕೊನೇಲಿ ತಿ. ನರಸೀಪುರ ತಾಲೂಕಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದು ಎಲ್ರಿಗೂ ನೆನಪಿದೆ. ಕತ್ತಲಾದ್ಮೇಲೆ ಬೆಟ್ಟದಲ್ಲಿ ಇರಂಗಿಲ್ಲ, ಸೂರ್ಯೋದಯ ನೋಡ್ಬೇಕು ಅಂತ ನಾಕು ಗಂಟೆಗೆ ಟಾರ್ಚ್ ಹಿಡ್ಕೊಂಡು ಹತ್ತೋ ಫ್ಯಾಷನ್ನು ನಮ್ಮ ಗುಂಪಲ್ಲಿ ಇಲ್ಲ, ಮಕ್ಕಳು ಎಷ್ಟು ಮುಖ ಊದಿಸ್ಕೊಂಡ್ರೂ ಇಲ್ಲ.

ನದಿ ವಿಷಯಕ್ಕೆ ಬರ್ತೀನಿ, ಇಲ್ಲಿ ಸಂಕೋಚ ಇನ್ನೊಂದು ಥರ. ಬೆಟ್ಟದಲ್ಲಿ ಆಗಲ್ಲ ಅಂತ ಹೇಳೋಕೆ ನಾಚ್ಕೆ, ನೀರಲ್ಲಿ ಹೆದ್ರಿಕೆ ಅಂತ ಹೇಳೋಕೆ ನಾಚ್ಕೆ. ಕಸಿನ್‌ಗಳೆಲ್ಲ ಸೇರಿದ್ರೆ ಒಬ್ಬ ಇಳಿದ, ಇನ್ನೊಬ್ಬ ಇಳೀದೇ ಇದ್ರೆ "ಪುಕ್ಲಾ" ಅಂತಾರೆ. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸಂಗಮ, ಮುತ್ತತ್ತಿ, ಎಲ್ಲ ಕಡೇನೂ ನೋಡೋಕೆ ಮೊಣಕಾಲುದ್ದ ನೀರು, ತಿಳಿಯಾಗಿ ತಳ ಕಾಣಿಸ್ತಾ ಇರುತ್ತೆ. ಎರಡು ಹೆಜ್ಜೆ ಆಚೆ ಮಡು ಇರುತ್ತೆ. ಕಾವೇರಿ ಇಲ್ಲಿ ಮರಳಿನ ಮೇಲೆ ಹರಿಯೋ ನದಿ ಅಲ್ಲ, ಬಂಡೆ ಮೇಲೆ ಹರಿಯೋದು, ಬಂಡೆ ಸಂದಿ, ಗುಂಡಿ, ಪೊಟರೆ ಎಲ್ಲ ನೀರಿನ ಕೆಳಗಿರುತ್ತೆ, ಅಲ್ಲೇ ಸುಳಿ. ಪಾಚಿ ಬೇರೆ. ಇನ್ನೊಂದು ಜನ ಮರೆಯೋದು, ಮಳೆ ಬೀಳೋದು ಕೊಡಗಲ್ಲಿ, ಇಲ್ಲಿ ಚುರು ಚುರು ಬಿಸಿಲಿರುತ್ತೆ. ಕನ್ನಂಬಾಡಿ ಕಟ್ಟೆ ಮಟ್ಟ 124.80 ಅಡಿಗೆ ಹತ್ರ ಬಂದ್ರೆ ನೀರು ಬಿಡ್ಲೇಬೇಕು, ಬಿಟ್ರೆ ಕೆಳಗಿರೋ ಬಲಮುರಿಗೆ ಬರೋಕೆ ಎಷ್ಟೊತ್ತು? ಬೆಳಿಗ್ಗೆ ಟವಲ್ ಒಣಗಾಕಿದ್ದ ಬಂಡೆ ಮಧ್ಯಾಹ್ನಕ್ಕೆ ಇರಲ್ಲ.

ನಮ್ಮ ಮಾವ ಚಿಕ್ಕ ವಯಸ್ಸಿಂದ ಕೆರೆ ಬಾವೀಲಿ ಈಜಿ ಬೆಳೆದೋರು. ಅವ್ರೇ ಹೊಳೆಗೆ ಇಳಿಯಲ್ಲ. "ಬಾವಿ ನೀರು ನಿಂತಿರ್ತದೆ, ಹೊಳೆ ನಿನ್ನ ಕೇಳಿ ಓಡ್ತದಾ" ಅಂತಾರೆ. ನಮ್ಮ ಗುಂಪಲ್ಲಿ ದೊಡ್ಡೋರು ಚಿಕ್ಕೋರು ಯಾರಾದ್ರೂ ಸರಿ, ದಡದಲ್ಲಿ ಕೂತು ಪಾದ ಅದ್ದಬಹುದು ಅಷ್ಟೇ. ಸ್ನಾನ ಮಾಡ್ಲೇಬೇಕು ಅನ್ನೋರಿಗೆ ಚೊಂಬು ಕೊಡ್ತೀವಿ. ಮುತ್ತತ್ತೀಲಿ ಸೀತಮ್ಮನ ಮೂಗುತಿ ಮುತ್ತು ನೀರಿಗೆ ಬಿದ್ದಾಗ ಆಂಜನೇಯ ಎತ್ಕೊಟ್ಟ ಅಂತ ಕತೆ ಇದೆ, ಅದಕ್ಕೇ ಮುತ್ತೆತ್ತರಾಯ ಅಂತಾರೆ, ಅಲ್ಲಿ ಯಾರಾದ್ರೂ ನೀರಿನ ಕಡೆ ಹೊರಟ್ರೆ ನಮ್ಮತ್ತೆ "ಮುತ್ತಾದ್ರೆ ಎತ್ಕೊಟ್ಟಾನು, ನಿನ್ನ ಎತ್ತಾನಾ, ಬಾ ಈಚ್ಗೆ" ಅಂತ ಬೈತಾರೆ. ಯಾರಾದ್ರೂ ಮುಳುಗ್ತಾ ಇದ್ರೆ ಹಿಂದೇನೇ ಹಾರ್ಬೇಡಿ. ಪೇಪರಲ್ಲಿ ಓದ್ತೀವಲ್ಲ, ಒಬ್ಬನ್ನ ಉಳಿಸೋಕೆ ಹೋಗಿ ಇನ್ನಿಬ್ರು ಅಂತ, ಅದು ಹೀಗೇ ಆಗೋದು. ಆ ಹಳೇ ಸೀರೆ ಇದೆಯಲ್ಲ, ಅದನ್ನ ಎಸೀರಿ, ಉದ್ದ ಕೊಂಬೆ ಚಾಚಿ, ಮುಚ್ಚಳ ಬಿಗಿ ಮಾಡಿದ ಖಾಲಿ ನೀರಿನ ಕ್ಯಾನ್ ಎಸೀರಿ, ಹಿಡ್ಕೊಂಡು ತೇಲ್ತಾರೆ. ವಿ.ಸಿ. ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ ಹತ್ರ ಅಂತೂ ಊಟಕ್ಕೂ ಕೂರಬೇಡಿ, ಎರಡೂ ಕಡೆ ಇಳಿಜಾರು ಗೋಡೆ, ಅದಕ್ಕೆ ಪಾಚಿ, ಈಜು ಬರೋನಿಗೂ ಹಿಡ್ಕೊಂಡು ಹತ್ತೋಕೆ ಏನೂ ಸಿಗಲ್ಲ.

ದುಡ್ಡಿನ ವಿಷಯಾನೂ ಹೇಳ್ಬಿಡ್ತೀನಿ, ಅದೂ ಸಂಕೋಚದ್ದೇ. ಒಂದು ಕಾಲದಲ್ಲಿ ನಮ್ಮ ಗುಂಪಲ್ಲಿ ಕೆಲವ್ರು ಬರೋದು ನಿಲ್ಲಿಸಿದ್ರು. ಕೇಳಿದ್ರೆ ಮಗಂಗೆ ಪರೀಕ್ಷೆ, ಮನೇಲಿ ನೆಂಟ್ರು. ಅಸಲಿ ಕಾರಣ ಕಾರಿನ ಡೀಸೆಲ್, ರೆಸಾರ್ಟ್ ಥರದ ಹೋಟೆಲಲ್ಲಿ ಊಟ, ಬಿಲ್ ಬಂದ್ಮೇಲೆ ತಲೆಗಿಷ್ಟು ಅಂತ ಭಾಗ. ಇಲ್ಲ ಅನ್ನೋಕಾಗಲ್ಲ, ಕೊಡೋಕೂ ಕಷ್ಟ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನಾವು ಹೆಂಗಸರೆಲ್ಲ ಆಧಾರ್ ಕಾರ್ಡ್ ಹಿಡ್ಕೊಂಡು ಕೆಂಪು ಬಸ್ ಹತ್ತೋಕೆ ಶುರು ಮಾಡಿದ್ವಿ. ಗಂಡಸರು ಟಿಕೆಟ್ ತಗೊಳ್ಳೋದು, ನಾವು ಫ್ರೀ, ಅದೊಂದು ಮಜಾ ಬೇರೆ. ಬುತ್ತಿ ಮನೆಯಿಂದ, ಯಾರು ಏನು ತಂದ್ರು ಅಂತ ಕೇಳಂಗಿಲ್ಲ, ಎಲ್ಲ ಒಂದೇ ಬಟ್ಟೆ ಮೇಲೆ. ಚಿತ್ರಾನ್ನ ನಾಕು ಡಬ್ಬಿ ಬಂದ್ರೂ ತಿನ್ತೀವಿ. ನಿಂತೋಗಿದ್ದೋರು ವಾಪಸ್ ಬಂದ್ರು, ಮಗನ ಪರೀಕ್ಷೆ ಎಲ್ಲ ಮುಗೀತಂತೆ!

ಬೆಟ್ಟ ಹತ್ತೋಕೆ ಆಗ್ದೇ ಇರೋರನ್ನ ಕೆಳಗೆ ಬ್ಯಾಗ್ ಕಾಯೋಕೆ ಕೂರಿಸೋದು ನಂಗೆ ಇಷ್ಟ ಇಲ್ಲ. ಪಕ್ಕದ ಮನೆ ಆಂಟಿಯ ಅಕ್ಕಂಗೆ ಎರಡೂ ಮಂಡಿ ಆಪರೇಷನ್ ಆಗಿದೆ, ಅವ್ರಿಗೋಸ್ಕರ ನಾವು ರಂಗನತಿಟ್ಟು ಇಟ್ಕೊಂಡಿದೀವಿ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಒಡ್ಡು ಕಟ್ಟಿಸಿದ್ರಿಂದ ಆದ ತಿಟ್ಟುಗಳು ಅವು, 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವ್ರು ಹೇಳಿದ್ಮೇಲೆ ಮೈಸೂರು ಅರಸರು ಪಕ್ಷಿಧಾಮ ಮಾಡಿದ್ರು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರ್ತು. ದೋಣಿ ಹತ್ತೋವಾಗ ಆಂಟಿಯ ಅಕ್ಕನ ಕೈ ಹಿಡ್ಕೊಂಡಿದ್ದೆ, ನನ್ನ ಬಳೆ ಒಡೆಯೋ ಹಾಗೆ ಅದುಮಿದ್ರು. ದೋಣಿ ಹೊರಟು ಬಣ್ಣದ ಕೊಕ್ಕರೆ ಗೂಡುಗಳ ಕೆಳಗೆ ಹೋಗ್ತಿದ್ದ ಹಾಗೆ ಕೈ ಸಡಿಲ ಆಯ್ತು, ಆಮೇಲೆ ಬಂಡೆ ಮೇಲೆ ಬಾಯಿ ತೆಕ್ಕೊಂಡು ಮಲಗಿದ್ದ ಮೊಸಳೆ ಕಂಡ ತಕ್ಷಣ ಎದ್ದು ನಿಲ್ಲೋಕೆ ಹೊರಟ್ರು, ದೋಣಿಯವ್ರು "ಅವ್ವಾ ಕೂತ್ಕಳಿ, ಅದುಕ್ಕೆ ನಾಷ್ಟ ಆಗದೆ" ಅಂದ್ರು. ಆ ದಿನದ ಕತೇನ ಅವ್ರು ಹೇಳೋದನ್ನ ಕೇಳಿದ್ರೆ ಮೊಸಳೆ ದೋಣಿಗಿಂತ ಉದ್ದ ಇತ್ತು.

ವಾಪಸ್ ತಿರುಗೋದು ಹೇಗೆ ಅಂತ ಹೇಳಿ ಮುಗಿಸ್ತೀನಿ. ನಮ್ಮಲ್ಲಿ ಯಾರು ಬೇಕಾದ್ರೂ "ಸಾಕು" ಅನ್ನಬಹುದು, ಯಾಕೆ ಅಂತ ಕೇಳಂಗಿಲ್ಲ, ಸಮಾಧಾನ ಮಾಡೋಕೆ ಇನ್ನೇನು ಬಂತು ಬನ್ನಿ ಅನ್ನಂಗಿಲ್ಲ. ಆ ಇನ್ನೇನು ಬಂತು ಅನ್ನೋ ಮಾತು ಶುದ್ಧ ಸುಳ್ಳು ಅಂತ ಎಲ್ರಿಗೂ ಗೊತ್ತು, ಆದ್ರೂ ಹೇಳ್ತೀವಿ. ಸಾಕು ಅಂದೋರ ಜೊತೆ ಒಬ್ರು ಇಳೀತಾರೆ, ಒಬ್ಬೊಬ್ರನ್ನೇ ಕಳ್ಸಲ್ಲ. ಕೊನೇಲಿ ನಡೆಯೋದು ಎಲ್ಲರಿಗಿಂತ ಗಟ್ಟಿ ಇರೋರು, ನಮ್ಮಲ್ಲಿ ಅದು ಮಾವನೇ, ಅವ್ರು ಹಿಂದೆ ಇದ್ರೆ ಯಾರಿಗೂ ನಾನು ನಿಧಾನ ಅಂತ ಅನ್ಸಲ್ಲ, ಮಾವನ ಜೊತೆ ಮಾತಾಡ್ತಾ ಬಂದೆ ಅಂತ ಹೇಳ್ಕೋಬಹುದು. ದೊಡ್ಡೋರು ತಾವಾಗೇ ಹೇಳಲ್ಲ ಅಂತ ಗೊತ್ತಾದ್ಮೇಲೆ ಕೇಳೋ ಕೆಲಸ ಮಕ್ಕಳಿಗೆ ಕೊಟ್ಟಿದೀವಿ. ನಿಂತ ಕಡೆಯೆಲ್ಲ ನನ್ನ ಚಿಕ್ಕ ನಾದಿನಿ ಮಗಳು, ಮೂರನೇ ಕ್ಲಾಸು, ಒಬ್ಬೊಬ್ರ ಹತ್ರಾನೂ ಹೋಗಿ "ತಾತ, ಕಾಲು ನೋವಾ? ಸುಸ್ತಾ? ನೀರು ಕುಡಿದ್ಯಾ?" ಅಂತ ಕೇಳ್ತಾಳೆ. ನಂಗೆ ಸುಳ್ಳು ಹೇಳೋರು ಅವ್ಳಿಗೆ ಹೇಳಲ್ಲ. ಕೊಡಗಲ್ಲಿ ಒಂದ್ಸಲ ಮಂಜು ಮುಚ್ಕೊಂಡು ದಾರಿ ಕಾಣ್ದೇ ಇದ್ದಾಗ ತುದಿಗೆ ಹೋಗೋಣ ಅಂತ ಗಂಡಸರೆಲ್ಲ ವಾದ ಮಾಡ್ತಿದ್ರು, ಅವ್ಳು "ನಂಗೆ ಸಾಕು" ಅಂದ್ಳು, ಮುಗೀತು, ಇಳಿದ್ವಿ. ಇಂಬಳ ಕಿತ್ಕೊಳ್ತಾ ಇಳಿದ್ವಿ, ಅದು ಬೇರೆ ಮಾತು.

ಕೊನೇಲಿ ಸಭಿಕರು ಕೇಳಿದ್ರಲ್ಲಿ ಎರಡು ಮಾತ್ರ ಇಲ್ಲಿ ಹಾಕ್ತೀನಿ.

ಒಬ್ಬ ಹುಡುಗ ಕೇಳಿದ, ಆಂಟಿ ಬೈಕಲ್ಲಿ ಫ್ರೆಂಡ್ಸ್ ಎಲ್ಲ ಕುಂತಿ ಬೆಟ್ಟಕ್ಕೆ ಹೋಗ್ತೀವಿ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ಬಹುದಾ ಅಂತ. 2023ರ ಆಗಸ್ಟಿಂದ ಮೈನ್ ರೋಡಲ್ಲಿ ಬೈಕ್ ಬಿಡಲ್ಲಪ್ಪ, ಸರ್ವೀಸ್ ರೋಡಲ್ಲೇ ಹೋಗಿ, ಹೆಲ್ಮೆಟ್ ಹಿಂದೆ ಕೂತೋನಿಗೂ ಇರ್ಲಿ, ಬೆಟ್ಟಕ್ಕಿಂತ ಆ ರೋಡೇ ನಂಗೆ ಹೆದ್ರಿಕೆ.

ಹಿಂದೆ ಕೂತಿದ್ದ ಒಬ್ರು, ನಮ್ಮ ತಂದೆಗೆ ಎಪ್ಪತ್ತು ದಾಟಿದೆ, ಚಾಮುಂಡಿ ಬೆಟ್ಟ ಮೆಟ್ಲಲ್ಲೇ ಹತ್ತಬೇಕು ಅಂತ ಹಟ, ಕರ್ಕೊಂಡು ಹೋಗ್ಲಾ ಬೇಡ್ವಾ ಅಂತ ಕೇಳಿದ್ರು. ಡಾಕ್ಟ್ರು ನಡೀಬಹುದು ಅಂದಿದ್ರೆ ಯಾಕೆ ಬೇಡ. ಸಾವಿರ ಮೆಟ್ಲು, ದೊಡ್ಡ ದೇವರಾಜ ಒಡೆಯರ ಕಾಲದಿಂದ ವಯಸ್ಸಾದೋರು ಹತ್ತುತ್ತಾನೇ ಇದಾರೆ. ಆದ್ರೆ ಮೊದಲ್ನೇ ಸಲ ಬುಡದಿಂದ ಬೇಡ, ನಂದಿವರೆಗೂ ಗಾಡೀಲಿ ಹೋಗಿ, ಅದು ಸುಮಾರು ಏಳ್ನೂರನೇ ಮೆಟ್ಲು, ಅಲ್ಲಿಂದ ಮೇಲಕ್ಕೆ ಮುನ್ನೂರು ಹತ್ತಲಿ, ಬೆಳಿಗ್ಗೆ ಆರು ಆರೂವರೆಗೆ, ಇಡ್ಲಿ ತಿಂದು. ಇಳಿಯೋದು ಮಾತ್ರ ಸಿಟಿ ಬಸ್ಸಲ್ಲಿ, ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ಆದ್ರೆ ಬಸ್ಸಲ್ಲಿ ಇಳೀರಿ ಅಂತ ನೀವು ಹೇಳಿದ್ರೆ ಅವ್ರು ಕೇಳಲ್ಲ ಸಾರ್, ಹಟಕ್ಕೆ ಬಿದ್ದು ನಡ್ಕೊಂಡೇ ಇಳೀತಾರೆ. ನಿಮಗೆ ಮಗಳಿದಾಳಾ? ಐದನೇ ಕ್ಲಾಸಾ? ಸರಿ, ಅವ್ಳಿಗೆ ಹೇಳ್ಕೊಡಿ, ಮೇಲೆ ಹೋದ್ಮೇಲೆ "ತಾತ, ನಂಗೆ ಬಸ್ಸಲ್ಲಿ ಕಿಟಕಿ ಪಕ್ಕ ಕೂರ್ಬೇಕು" ಅಂತ ಹಟ ಮಾಡೋಕೆ.